ಏರು ದಾರಿ, ಜಲ್ಲಿ ಲೋಡು

ಮನೆ ದಾರಿಗೆ ಜಲ್ಲಿ ಹೊಡೆಯೋಕೆ ಶುರು ಮಾಡಿ ಮೂರು ದಿನ ಆಯ್ತು, ಸಾಕುಸಾಕಾಗಿದೆ. ಪಿಕಪ್ಪಿನ ಹಿಂಭಾಗ ಅರ್ಧವೂ ತುಂಬಿರಲ್ಲ, ಆಗಲೇ ಭಾರಕ್ಕೆ ಕೆಳಗಿನ ಸ್ಪ್ರಿಂಗ್ ಪ್ಲೇಟು ಕೂತಿರುತ್ತೆ. ಒಂದು ಘನ ಮೀಟರ್ ಜಲ್ಲಿ ಅಂದ್ರೆ ಸುಮಾರು 1,500 ಕೆ.ಜಿ., ಮಳೆಯಲ್ಲಿ ನೆಂದಿದ್ರೆ ಇನ್ನೂ ಜಾಸ್ತಿ. ಜಾಗ ಇದೆ ಅಂತ ತುಂಬೋ ಸಾಮಾನಲ್ಲ ಅದು. ನಿಂತು ನೋಡೋರು ಮಾತ್ರ 'ಇನ್ನೂ ನಾಲ್ಕು ಬುಟ್ಟಿ ಹಾಕು' ಅಂತಾರೆ.

ಏರಿಗೆ ಬಿದ್ದ ಕೂಡಲೇ ಭಾರ ಹಿಂದಕ್ಕೆ ಜಗ್ಗುತ್ತೆ. ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ. ಫಸ್ಟ್ ಗೇರಲ್ಲಿ ಒಂದೇ ಉಸಿರಿಗೆ ಹತ್ತಬೇಕು, ನಡುವೆ ನಿಲ್ಲಿಸುವ ಹಾಗಿಲ್ಲ. ನಿನ್ನೆ ತಿರುವಿನಲ್ಲೇ ಮೇಲಿಂದ ಒಂದು ಕಾರು ನುಗ್ಗಿ ಬಂತು. ನಿಲ್ಲಿಸಲೇಬೇಕಾಯ್ತು. ಮತ್ತೆ ಎತ್ತೋಕೆ ಹೋದ್ರೆ ಟೈರು ನಿಂತಲ್ಲೇ ಸುತ್ತಿತು, ಕಲ್ಲು ಹಿಂದಕ್ಕೆ ಸಿಡೀತು, ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೀತು. ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಲೋಡು ಸಲಿಕೆಯಲ್ಲಿ ರಸ್ತೆ ಅಂಚಿಗೆ ಇಳಿಸಿದ ಮೇಲೇ ಗಾಡಿ ಮೇಲಕ್ಕೆ ಹೋಗಿದ್ದು.

ಇಳಿಯೋರೇ, ಕೆಳಗಿಂದ ಲೋಡು ಗಾಡಿಯ ಸದ್ದು ಕೇಳಿದ್ರೆ ಅಗಲ ಇದ್ದ ಕಡೆ ಅರೆ ನಿಮಿಷ ನಿಲ್ಲಿ. ನಿಮಗೆ ಮತ್ತೆ ಹೊರಡೋದು ಸುಲಭ, ನಮಗಲ್ಲ. ಆ ಅರ್ಧ ಲೋಡು ಇನ್ನೂ ತಿರುವಿನಲ್ಲೇ ಬಿದ್ದಿದೆ, ನಾಳೆ ಮತ್ತೆ ತುಂಬಬೇಕು.