ಹುಡುಕಿದರೆ ಸಿಗಬೇಕಲ್ವಾ?

ಹೋದ ಭಾನುವಾರ ನನ್ನ ಹಳೇ ವಿದ್ಯಾರ್ಥಿನಿ ಮನೆಗೆ ಬಂದಿದ್ದಳು. ಪಿಎಚ್‌ಡಿಗೆ ಸೇರಿ ಎರಡು ವರ್ಷ ಆಗಿದೆ. ಮಲೆನಾಡಿನ ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಬ್ಯಾಗಿನಿಂದ ಆರು ನೋಟ್‌ಬುಕ್ ತೆಗೆದು ಊಟದ ಟೇಬಲ್ ಮೇಲೆ ಹರಡಿದಳು. ಒಂದು ಪುಟ ತೆರೆದು ತೋರಿಸಿದಳು. ನೀಲಿ ಇಂಕಿನಲ್ಲಿ ನಾಲ್ಕು ಸಾಲು. ಕೆಳಗೆ "ಎ.ಕ. 7" ಅಂತ ಅಷ್ಟೇ ಬರೆದಿತ್ತು.

"ಮೇಡಂ, ಇದು ಯಾವ ಶಾಸನದ್ದು ಅಂತ ಗೊತ್ತಾಗ್ತಿಲ್ಲ. ಮೂರು ದಿನದಿಂದ ಹುಡುಕ್ತಾ ಇದ್ದೀನಿ" ಅಂದಳು. ಅಳು ಗಂಟಲಲ್ಲೇ ಇತ್ತು.

ಶಾಸನ ಓದುವವರಿಗೆ ಈ ಕಷ್ಟ ತಕ್ಷಣ ಅರ್ಥ ಆಗುತ್ತದೆ. ಎ.ಕ. ಅಂದರೆ ಎಪಿಗ್ರಾಫಿಯಾ ಕರ್ನಾಟಿಕ, ನಮ್ಮ ಶಾಸನಗಳನ್ನು ಅಚ್ಚು ಮಾಡಿದ ಸಂಪುಟಗಳು. ಬಿ.ಎಲ್. ರೈಸ್ ಮೊದಲು ತಂದ ಆವೃತ್ತಿಯಲ್ಲಿ 7ನೇ ಸಂಪುಟ ಶಿವಮೊಗ್ಗ ಜಿಲ್ಲೆಯದು. ತಾಳಗುಂದದ ಕಂಬದ ಶಾಸನ ಅಲ್ಲೇ ಇದೆ, ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ. ಆಮೇಲೆ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಆವೃತ್ತಿ ತಂದಿತು. ಅದರ 7ನೇ ಸಂಪುಟ ತೆರೆದರೆ ಮಂಡ್ಯ ಸೀಮೆಯ ಶಾಸನಗಳು. ಇವಳು ಹೋಲಿಕೆಗೆ ಅಂತ ಮಂಡ್ಯದ ಕಡೆಯ ವೀರಗಲ್ಲುಗಳನ್ನೂ ಓದಿದ್ದಾಳೆ. ಹಾಗಾಗಿ "ಎ.ಕ. 7" ಅಂದರೆ ಎರಡು ದೊಡ್ಡ ಪುಸ್ತಕ. ಯಾವುದು ಅಂತ ಹೇಳೋರು ಯಾರು?

ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಎರಡು ವರ್ಷದಲ್ಲಿ ಅವಳಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಥೀಸಿಸ್ ಕೊಟ್ಟಿದ್ದು 2011ರಲ್ಲಿ. ಸೋಬಾನೆ ಪದಗಳ ಬಗ್ಗೆ, ಅಂದರೆ ಮದುವೆ ಮನೆಯ ಹಾಡುಗಳ ಬಗ್ಗೆ. ಎಲ್ಲ ಮುಗಿದು ಬೈಂಡಿಂಗ್‌ಗೆ ಹೋಗಬೇಕು ಅನ್ನುವಾಗ ನಮ್ಮ ಗೈಡ್ ಮೂರನೇ ಅಧ್ಯಾಯವನ್ನು ಎರಡು ಭಾಗ ಮಾಡಿ, ಒಂದು ಭಾಗ ಮುಂದಕ್ಕೆ ಹಾಕು ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅಡಿಟಿಪ್ಪಣಿಗಳ ಗತಿ ಏನು? ಥೀಸಿಸ್ ಬರೆದವರಿಗೆಲ್ಲ "ಅದೇ, ಪು. 45" ಗೊತ್ತಿರುತ್ತದೆ. ಮೇಲಿನ ಟಿಪ್ಪಣಿಯ ಪುಸ್ತಕವೇ ಅಂತ ಅದರ ಅರ್ಥ. ಪ್ಯಾರಾ ಜಾಗ ಬದಲಾಯಿಸಿದ ಕೂಡಲೇ "ಅದೇ" ಬೇರೆ ಪುಸ್ತಕವನ್ನು ತೋರಿಸಲು ಶುರು ಮಾಡುತ್ತದೆ. ನಾನು, ನನ್ನ ತಮ್ಮ ಎರಡು ವಾರ ರಾತ್ರಿ ಕೂತು ಕೆಂಪು ಪೆನ್ನಲ್ಲಿ ಒಂದೊಂದೇ "ಅದೇ" ಹಿಡಿದು ತಿದ್ದಿದೆವು. ಆಮೇಲೂ ನಾಲ್ಕು ತಪ್ಪು ಉಳಿದಿದ್ದವು. ವೈವಾದಲ್ಲಿ ಒಬ್ಬರು ಅದನ್ನೇ ಕೇಳಿದರು.

ಆಗಲೇ ಝೊಟೆರೊ ಇತ್ತು, ಪುಸ್ತಕಗಳ ವಿವರ, ಅಡಿಟಿಪ್ಪಣಿ ಎಲ್ಲ ನೋಡಿಕೊಳ್ಳುವ ತಂತ್ರಾಂಶ. 2006ರಲ್ಲೇ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ಅದನ್ನು ಮಾಡಿ ಉಚಿತವಾಗಿ ಬಿಟ್ಟಿದ್ದರು. ಇತಿಹಾಸದವರು ತಮ್ಮ ಕಷ್ಟಕ್ಕೆ ತಾವೇ ಮಾಡಿಕೊಂಡ ಸಾಧನ ಅದು ಅನ್ನೋದು ನನಗೆ ಬಹಳ ಇಷ್ಟ. ನನಗೆ ಅದರ ಹೆಸರು ಗೊತ್ತಾಗಿದ್ದು 2016ರಲ್ಲಿ, ಥೀಸಿಸ್ ಕೊಟ್ಟು ಐದು ವರ್ಷ ಆದಮೇಲೆ.

ಭಾನುವಾರ ಅದನ್ನೇ ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಪುಸ್ತಕದ ವಿವರ ಒಮ್ಮೆ ತುಂಬಿದರೆ ಸಾಕು. ಬರೆಯುವಾಗ ವರ್ಡ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ಅಲ್ಲಿಂದಲೇ ಟಿಪ್ಪಣಿ ಎಳೆದುಕೊಳ್ಳಬಹುದು. ಅಧ್ಯಾಯ ಹಿಂದೆ ಮುಂದೆ ಮಾಡಿದರೆ ಟಿಪ್ಪಣಿಗಳು ತಾವೇ ಸರಿಹೋಗುತ್ತವೆ. ಕೊನೆಗೆ ಗ್ರಂಥಋಣದ ಪಟ್ಟಿಯನ್ನೂ ಅದೇ ಮಾಡಿಕೊಡುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಅವರ ಸರ್ವರ್‌ನಲ್ಲಿ ಪಿಡಿಎಫ್ ಇಡಲು 300 ಎಂಬಿ ಜಾಗ ಉಚಿತ. ಜಾಸ್ತಿ ಬೇಕು ಅಂದರೆ ಮಾತ್ರ ದುಡ್ಡು. ಇಲ್ಲದಿದ್ದರೆ ಪಿಡಿಎಫ್‌ಗಳು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ.

ಕನ್ನಡದವರಿಗೆ ಒಂದು ತೊಡಕು ಇದೆ. ಲೇಖಕರ ಹೆಸರಿಗೆ ಅದು ಎರಡು ಖಾನೆ ಕೊಡುತ್ತದೆ, ಮನೆತನದ ಹೆಸರು ಒಂದು ಕಡೆ, ಸ್ವಂತ ಹೆಸರು ಇನ್ನೊಂದು ಕಡೆ. ಪು.ತಿ.ನ. ಅವರನ್ನು ಎಲ್ಲಿ ಕತ್ತರಿಸೋದು? ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ. ಅದನ್ನು ಒತ್ತಿದರೆ ಎರಡು ಖಾನೆ ಒಂದಾಗುತ್ತದೆ. ಪೂರ್ತಿ ಹೆಸರು ಹೇಗಿದೆಯೋ ಹಾಗೇ ಬರೆಯಬಹುದು. ಇದನ್ನು ಕಂಡುಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಆದರೆ ನಾನು ಇವತ್ತು ಬರೆಯಲು ಕೂತ ಮುಖ್ಯ ವಿಷಯ ಇದಲ್ಲ.

ನೀವು ಶೋಧಗಂಗಾ ನೋಡಿರಬಹುದು, ಥೀಸಿಸ್‌ಗಳನ್ನು ಇಟ್ಟಿರುವ ಜಾಲತಾಣ. ಯುಜಿಸಿ 2009ರಲ್ಲಿ ಥೀಸಿಸ್‌ನ ಡಿಜಿಟಲ್ ಪ್ರತಿಯನ್ನೂ ಕೊಡಬೇಕು ಅಂತ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಯುಜಿಸಿ ಕೇಂದ್ರ ಶೋಧಗಂಗಾ ನಡೆಸುತ್ತದೆ. ದೇಶದ ಲಕ್ಷಗಟ್ಟಲೆ ಥೀಸಿಸ್ ಅಲ್ಲಿವೆ, ಯಾರು ಬೇಕಾದರೂ ಓದಬಹುದು. ಇಂಥದ್ದು ನಮ್ಮ ದೇಶದಲ್ಲಿ ಇದೆ ಅನ್ನೋದು ಹೆಮ್ಮೆಯ ವಿಷಯ. ನನ್ನದೂ ಅಲ್ಲಿದೆ. ಒಮ್ಮೆ ನನ್ನ ಥೀಸಿಸ್ ಪಿಡಿಎಫ್ ತೆರೆದು "ಸೋಬಾನೆ" ಅಂತ ಹುಡುಕಿದೆ. ನೂರಾರು ಸಲ ಬಂದಿರುವ ಪದ. ಸಿಗಲಿಲ್ಲ. ಒಂದೇ ಒಂದು ಕೂಡ ಸಿಗಲಿಲ್ಲ.

ಯಾಕೆ ಅಂತ ನೋಡಲು ಮೊದಲ ಪುಟದಿಂದ "ಕನ್ನಡ" ಅನ್ನುವ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಬಂದಿದ್ದು ಇಷ್ಟು: ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಗೀಟಿನ ಎ. ನಾನು ಐದು ವರ್ಷ ಕಷ್ಟಪಟ್ಟು ಕನ್ನಡದಲ್ಲಿ ಬರೆದೆ ಅಂದುಕೊಂಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಆಗಿರಲಿಲ್ಲ.

ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳು ಕೆಲಸ ಮಾಡುವುದೇ ಹಾಗೆ. ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆ ಇರುತ್ತದೆ, ಹೊರಗೆ ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಅದಿಲ್ಲದಿದ್ದರೆ ನಾವು ಕಂಪ್ಯೂಟರಿನಲ್ಲಿ ಕನ್ನಡ ನೋಡುವುದೇ ತಡವಾಗುತ್ತಿತ್ತು. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬಳಸುವ ಒಂದೇ ಸಂಖ್ಯಾಪಟ್ಟಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ 1991ರಿಂದಲೇ ಇದೆ. ಇವತ್ತಿನ ನುಡಿಯಲ್ಲೂ ಯುನಿಕೋಡ್ ಇದೆ. ಮೊಬೈಲ್‌ನಲ್ಲಿ ನಾವೆಲ್ಲ ಬರೆಯುವುದು ಯುನಿಕೋಡ್‌ನಲ್ಲೇ, ಈ ಪೋಸ್ಟ್ ಕೂಡ. ಮನೆಯ ಗುಂಪಿಗೆ ಶುಭೋದಯ ಕಳಿಸುವಾಗ ಸರಿಯಾದ ಕನ್ನಡ ಬಳಸುತ್ತೇವೆ. ಥೀಸಿಸ್ ಟೈಪ್ ಮಾಡಿಸುವಾಗ ಇಂದಿಗೂ ಎಷ್ಟೋ ಕಡೆ ಹಳೇ ಫಾಂಟ್ ಬೇಕು ಅನ್ನುತ್ತಾರೆ. ಪ್ರೆಸ್‌ನವರಿಗೆ ಅದೇ ಸಲೀಸು, ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಅದೇ ಕೂರುತ್ತದೆ ಅಂತ ಕಾರಣ ಹೇಳುತ್ತಾರೆ. ಒಬ್ಬರಿಗೆ ಸಲೀಸಾಗಲಿ ಅಂತ ಮುಂದೆ ಬರುವ ಓದುಗರಿಗೆಲ್ಲ ಬಾಗಿಲು ಹಾಕುವುದು ನ್ಯಾಯವೇ?

ಇದರಿಂದ ಜಾಸ್ತಿ ನಷ್ಟ ಯಾರಿಗೆ ಅಂತ ಯೋಚನೆ ಮಾಡಿ. ಕಣ್ಣು ಕಾಣದ ಸಂಶೋಧಕರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತಾರೆ. ಯುನಿಕೋಡ್ ಇದ್ದರೆ ಅದು ಕನ್ನಡವನ್ನು ಓದಿ ಹೇಳುತ್ತದೆ. ನನ್ನ ಥೀಸಿಸ್ ಕೊಟ್ಟರೆ ಪಿ, ಎ, ಪೌಂಡ್ ಅಂತ ಒದರುತ್ತದೆ. ನನಗೆ ಇದು ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದಲೇ ಯುನಿಕೋಡ್‌ಗೆ ಬದಲಾಯಿಸಲು ಕೂತೆ. ಪರಿವರ್ತಕ ತಂತ್ರಾಂಶಗಳು ಇವೆ, ಐದು ನಿಮಿಷದಲ್ಲಿ ಪೂರ್ತಿ ಫೈಲ್ ಬದಲಾಗಿ ಬಂತು. ಆದರೆ ತಿದ್ದಲು ಎರಡು ತಿಂಗಳು ಹಿಡಿಯಿತು. ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪಿತ್ತು. ಒತ್ತಕ್ಷರಗಳು ಒಡೆದಿದ್ದವು. ಎರಡನೇ ಅಧ್ಯಾಯದಲ್ಲಿ ಹಳಗನ್ನಡದ ಸಾಲುಗಳಿದ್ದವು, ಅಲ್ಲಿನ ಱ, ೞ ಗಳನ್ನು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ನೋಡಿದೆ. ಮುಗಿದ ದಿನ "ಸೋಬಾನೆ" ಅಂತ ಹುಡುಕಿದೆ. ಪುಟದ ತುಂಬ ಹಳದಿ ಬಣ್ಣ. ಮಕ್ಕಳನ್ನು ಕರೆದು ತೋರಿಸಿದೆ.

ಹುಡುಕಿದರೆ ಸಿಗುವುದು ಅಂದರೆ ಏನು ಅಂತ ನೋಡಬೇಕಿದ್ದರೆ ವಚನ ಸಂಚಯ ಅನ್ನುವ ಜಾಲತಾಣಕ್ಕೆ ಹೋಗಿ. 20 ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿ ಯುನಿಕೋಡ್‌ನಲ್ಲಿವೆ. "ಕಾಯಕ" ಅಂತ ಕೊಟ್ಟರೆ ಯಾವ ಯಾವ ವಚನಕಾರರು ಎಲ್ಲೆಲ್ಲಿ ಆ ಪದ ಬಳಸಿದ್ದಾರೆ ಅಂತ ಕಣ್ಣ ಮುಂದೆ ಬರುತ್ತದೆ. ಸರ್ಕಾರ ತಂದ 15 ಸಂಪುಟಗಳನ್ನು ತಿರುವಿ ಇದೇ ಕೆಲಸ ಮಾಡಿದವರಿಗೆ ಗೊತ್ತು, ಅದು ಎಷ್ಟು ತಿಂಗಳ ಕೆಲಸ ಅಂತ. ಹಾಗೆಯೇ ಅಲರ್. ವಿ. ಕೃಷ್ಣ ಅವರು ವರ್ಷಾನುಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಗಳು. 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ನಾನು ದಿನಕ್ಕೆ ಹತ್ತು ಸಲ ತೆರೆಯುತ್ತೇನೆ.

ಹಳೇ ಪುಸ್ತಕಗಳ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟಿವೆ. ಗೂಗಲ್ ಡ್ರೈವ್‌ಗೆ ಪುಟದ ಚಿತ್ರ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಓದಿ ಕೊಡುತ್ತದೆ. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಹುಡುಕಲು ಇಷ್ಟು ಸಾಕು. ಉಲ್ಲೇಖ ಮಾಡುವಾಗ ಮಾತ್ರ ಮೂಲ ಪುಟ ನೋಡಲೇಬೇಕು. ಹಳೇ ಮೊಳೆ ಅಚ್ಚಿನಲ್ಲಿ ಪ, ಷ ಅದಲುಬದಲಾಗುತ್ತವೆ, ಒತ್ತು ಹಾರಿಹೋಗುತ್ತದೆ. ಎಐಗೆ ಕೇಳಿದರೆ ಇನ್ನೂ ಹುಷಾರಾಗಿರಿ. ಒಂದು ಸಲ ಶಾಸನ ಸಂಖ್ಯೆ, ಪುಟ ಸಮೇತ ಉತ್ತರ ಕೊಟ್ಟಿತು. ಲೈಬ್ರರಿಗೆ ಹೋಗಿ ಸಂಪುಟ ತೆಗೆದರೆ ಆ ಪುಟದಲ್ಲಿ ಬೇರೆ ಏನೋ ಇತ್ತು.

ಇನ್ನೊಂದು ಮಾತು, ಇದು ಹೇಳಲು ನನಗೆ ಕಷ್ಟ ಆಗುತ್ತದೆ. ಕ್ಷೇತ್ರಕಾರ್ಯದಲ್ಲಿ ಸಾಗರದ ಕಡೆಯ ಹಳ್ಳಿಗಳಲ್ಲಿ ಹಾಡು ರೆಕಾರ್ಡ್ ಮಾಡಿದ್ದೆ. 61 ಫೈಲ್. ರೆಕಾರ್ಡರ್ ಕೊಟ್ಟ ನಂಬರ್ ಬಿಟ್ಟರೆ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಎಲ್ಲ ನೆನಪಿರುತ್ತದೆ ಅಂದುಕೊಂಡಿದ್ದೆ. 37ನೇ ಫೈಲ್‌ನಲ್ಲಿ ಒಬ್ಬ ಅಜ್ಜಿ ಮದುಮಗಳನ್ನು ಕಳಿಸುವ ಹಾಡು ಹೇಳುತ್ತಾರೆ. ನಡುವೆ ಕೆಮ್ಮುತ್ತಾರೆ, "ತಡಿ ಮಗಾ, ನೀರು ಕುಡೀತೀನಿ" ಅನ್ನುತ್ತಾರೆ, ಮತ್ತೆ ಅದೇ ಸಾಲಿನಿಂದ ಎತ್ತಿಕೊಳ್ಳುತ್ತಾರೆ. ಆ ಅಜ್ಜಿ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸೀಮೆಗೆ ಎರಡು ಸಲ ಹೋಗಿ ಕೇಳಿಸಿ ಬಂದೆ. ಗುರುತು ಹಿಡಿಯುವವರು ಸಿಗಲಿಲ್ಲ. ಅವರ ಹಾಡು ನನ್ನ ಥೀಸಿಸ್‌ನಲ್ಲಿದೆ, ಅವರ ಹೆಸರಿಲ್ಲ. ಆವತ್ತು ಸಂಜೆ ಬಸ್ಸಿನಲ್ಲಿ ಕೂತು ಫೈಲ್‌ಗೆ ಒಂದು ಹೆಸರು ಕೊಟ್ಟಿದ್ದರೆ ಸಾಕಿತ್ತು.

ಸರ್ಕಾರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸಿಗುತ್ತವೆ. ತುಂಬ ಒಳ್ಳೆಯ ಕೆಲಸ. ಸಣ್ಣ ಊರಿನ ವಿಜ್ಞಾನದ ಹುಡುಗರಿಗೆ ಇದು ದೊಡ್ಡ ಆಸರೆ. ಆದರೆ ಕನ್ನಡದಲ್ಲಿ ಬರೆದದ್ದು ಹುಡುಕಿದರೆ ಸಿಗಬೇಕು ಅನ್ನುವುದಕ್ಕೆ ಕೋಟಿಗಳು ಬೇಕಾಗಿಲ್ಲ. ವಿಶ್ವವಿದ್ಯಾಲಯಗಳು ಒಂದು ಸಾಲಿನ ಸುತ್ತೋಲೆ ಹೊರಡಿಸಬೇಕು, ಕನ್ನಡ ಥೀಸಿಸ್‌ಗಳನ್ನು ಯುನಿಕೋಡ್‌ನಲ್ಲೇ ಕೊಡಬೇಕು ಅಂತ. ಪಿಎಚ್‌ಡಿ ಕೋರ್ಸ್‌ವರ್ಕ್ ಹೇಗೂ ಕಡ್ಡಾಯ. ಅದರಲ್ಲಿ ಎರಡು ದಿನ ಟೈಪಿಂಗ್, ಝೊಟೆರೊ, ಫೈಲ್‌ಗೆ ಹೆಸರಿಡುವುದು, ಎರಡು ಕಡೆ ನಕಲು ಇಡುವುದು ಹೇಳಿಕೊಡಬೇಕು. ಗೈಡ್ ಆಗಿರುವ ನನ್ನ ಸ್ನೇಹಿತರಿಗೆ ಕೈಮುಗಿದು ಕೇಳುತ್ತೇನೆ, ಸಿನಾಪ್ಸಿಸ್ ನೋಡುವ ಮೊದಲು ಮಕ್ಕಳ ಲ್ಯಾಪ್‌ಟಾಪ್ ಒಮ್ಮೆ ತೆರೆಸಿ ನೋಡಿ.

ನಿನ್ನೆ ಆ ಹುಡುಗಿ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಝೊಟೆರೊದಲ್ಲಿ 43 ಪುಸ್ತಕ ತುಂಬಿದ್ದಾಳೆ. "ಮೇಡಂ, ರೈಸ್‌ದಾ ಪರಿಷ್ಕೃತದ್ದಾ ಅಂತ ಎಲ್ಲಿ ಬರೀಲಿ?" ಅಂತ ಕೇಳಿದ್ದಳು. ಆವೃತ್ತಿಗೆ ಅಂತಲೇ ಒಂದು ಖಾನೆ ಇದೆ, ಕೆಳಗೆ ನೋಡು ಅಂದೆ. ಆ ನಾಲ್ಕು ಸಾಲು ಇನ್ನೂ ಸಿಕ್ಕಿಲ್ಲವಂತೆ. ಎರಡೂ ಸಂಪುಟ ಇಟ್ಟುಕೊಂಡು ಪುಟ ತಿರುವುತ್ತಿದ್ದಾಳೆ.

ಭಾನುವಾರ ಬೆಳಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಹಳೇ ಫಾಂಟ್‌ನಲ್ಲಿ ಥೀಸಿಸ್ ಸಿಕ್ಕಿಹಾಕಿಕೊಂಡಿರುವವರು ಪೆನ್‌ಡ್ರೈವ್ ತನ್ನಿ. ಪರಿಚಯದವರಾದರೆ ಫೋನ್ ಮಾಡಿ, ಇಲ್ಲದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಅರ್ಕಾವೊತ್ತು ಒಟ್ಟಿಗೆ ಕೂತು ತಿದ್ದೋಣ.