ದಸರಾ ಪಾಸ್ ಸಿಕ್ಕಿತಾ ಸ್ವಾಮಿ?

ಈ ಸಲವೂ ಜಂಬೂ ಸವಾರಿ ಪಾಸ್ ಗಲಾಟೆ ಆಯಿತು. ಪಾಸ್ ಇದ್ದವರು ಗೇಟಿನ ಹೊರಗೆ, ಇಲ್ಲದವರು ಒಳಗೆ ಕುರ್ಚಿ ಮೇಲೆ. ವಿವರ ಬರೆಯುವುದಿಲ್ಲ, ವಾಟ್ಸಾಪ್‌ನಲ್ಲಿ ನೀವೂ ವಿಡಿಯೊ ನೋಡಿದ್ದೀರಿ. ಮೈಸೂರಿನವರಿಗೆ ಇದೇನೂ ಹೊಸದಲ್ಲ. ಗಲಾಟೆ ಆಗದಿದ್ದರೇ ದಸರಾ ಸರಿಯಾಗಿ ನಡೆಯಿತೋ ಇಲ್ಲವೋ ಅನ್ನುವ ಅನುಮಾನ ಬರುತ್ತದೆ.

ಹಬ್ಬ ಹೇಗಾಯ್ತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಪಾಸ್ ಸಿಕ್ತಾ ಅಂತಾರೆ. ಶಾಸಕರ ಪಿಎ, ಹಳೇ ಕಾರ್ಪೊರೇಟರ್, ಪೊಲೀಸ್ ಕೆಲಸದಲ್ಲಿರುವ ಭಾವಮೈದ, ಎಲ್ಲರಿಗೂ ಫೋನ್ ಹೋಗುತ್ತದೆ. ಸೈಟಿನ ಜಗಳದಲ್ಲಿ ಮಾತು ಬಿಟ್ಟ ಷಡ್ಡಕ ಕೂಡ ಆ ವಾರ ಒಳ್ಳೆಯವನಾಗುತ್ತಾನೆ. ಕಾಸಿದ್ದವರಿಗೆ ಗೋಲ್ಡ್ ಕಾರ್ಡ್. ಆರು ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ಹೆಸರಿನಲ್ಲಿ ಚಿನ್ನ, ಕೂರುವುದಕ್ಕೆ ಪ್ಲಾಸ್ಟಿಕ್. ಅದರ ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾಗಳಿರುತ್ತವೆ. ಅದರಲ್ಲಿ ಕೂರುವವರಿಗೆ ಕಾರ್ಡೂ ಬೇಡ, ಕಾಸೂ ಬೇಡ.

1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಶುರು ಮಾಡಿದ್ದು ರಾಜರ ಹಬ್ಬ. ಈಗಿನದು ನಾಡಹಬ್ಬ, ನಮ್ಮದೇ ಹಬ್ಬ. ಅದಕ್ಕೇ ಬ್ಯಾರಿಕೇಡ್. ಮಹಾರಾಜರು ಅಂಬಾರಿಯಿಂದ ಇಳಿದು ಅರ್ಧ ಶತಮಾನ ದಾಟಿತು. ಆ ಜಾಗದಲ್ಲಿ ತಾಯಿ ಚಾಮುಂಡೇಶ್ವರಿ ಕೂತಳು. ದರ್ಬಾರು ಮಾತ್ರ ಸೋಫಾಗೆ ವರ್ಗಾವಣೆ ಆಯಿತು.

ಒಂದು ಮಾತು ಒಪ್ಪಬೇಕು. ದಸರಾಕ್ಕೆ ಬರುವ ಕಲಾವಿದರಲ್ಲಿ ಸರ್ಕಾರ ಸರಿಯಾಗಿ ನೋಡಿಕೊಳ್ಳುವುದು ಆನೆಗಳನ್ನು. ವೀರನಹೊಸಹಳ್ಳಿಯಲ್ಲಿ ಪೂಜೆ, ಗಜಪಯಣ, ಅರಮನೆಯ ಜಯಮಾರ್ತಾಂಡ ದ್ವಾರದಲ್ಲಿ ಸ್ವಾಗತ. ಆಮೇಲೆ ತೂಕ. ಅಭಿಮನ್ಯು ಐದು ಸಾವಿರ ಕೆಜಿ ದಾಟಿದ ಅಂದರೆ ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್. ಹೆಸರುಕಾಳು, ಉದ್ದು, ಕುಸುಬಲಕ್ಕಿ, ಬೆಣ್ಣೆ ತಿನ್ನಿಸಿ ಮತ್ತೆ ತೂಕ. ಯಾರು ಎಷ್ಟು ದಪ್ಪ ಆದರು ಅಂತ ಪತ್ರಿಕೆಯಲ್ಲಿ ಪಟ್ಟಿ. (ನಮ್ಮ ಮನೆಯಲ್ಲಿ ನನ್ನ ತೂಕದ ಸುದ್ದಿಗೆ ಇಷ್ಟು ಸಂಭ್ರಮ ಯಾವತ್ತೂ ಕಂಡಿಲ್ಲ.) ಮರಳು ಮೂಟೆ ಹೊರಿಸಿ ತಾಲೀಮು, ಕುಶಾಲತೋಪಿನ ಸದ್ದಿಗೆ ಬೆದರದ ಹಾಗೆ ಅದಕ್ಕೊಂದು ತಾಲೀಮು. 750 ಕೆಜಿ ಅಂಬಾರಿ ಹೊತ್ತು ಬನ್ನಿಮಂಟಪದವರೆಗೆ ನಡೆಯಬೇಕಲ್ಲ, ಇದೆಲ್ಲ ಬೇಕು. ನಾನು ಬೇಡ ಅನ್ನುತ್ತಿಲ್ಲ. ವೀಣೆ ನುಡಿಸುವುದಕ್ಕೆ ಬಂದವರನ್ನು ಕಾಫಿ ಆಯ್ತಾ ಅಂತ ಒಬ್ಬರಾದರೂ ಕೇಳಿದರಾ ಅಂತಷ್ಟೇ ನನ್ನ ಪ್ರಶ್ನೆ. ತೂಕ ಹಾಕದಿದ್ದರೂ ಪರವಾಗಿಲ್ಲ.

ಅರಮನೆ ಮುಂದಿನ ವೇದಿಕೆ. ಹಿಂದೆ ಲಕ್ಷದ ಹತ್ತಿರ ಬಲ್ಬು. ತಂಬೂರಿ ಶ್ರುತಿ ಮಾಡಿ ಕಾಯುತ್ತಿದ್ದಾರೆ. ಉದ್ಘಾಟಕರು ಬಂದಿಲ್ಲ. ಬಂದಿಲ್ಲ ಅಂತ ಹೇಳುವುದಕ್ಕೂ ಒಬ್ಬ ನಿರೂಪಕರಿದ್ದಾರೆ. 'ಇನ್ನೇನು ಕೆಲವೇ ಕ್ಷಣಗಳಲ್ಲಿ' ಅನ್ನುತ್ತಾ ಅವರು ಒಂದು ಗಂಟೆ ಕಳೆದರು. ಆ ಕ್ಷಣವೂ ಬಂತು. ದೀಪ, ಸ್ವಾಗತ, ಪ್ರಾಸ್ತಾವಿಕ. ವೇದಿಕೆ ಮೇಲಿರುವ ಅಷ್ಟೂ ಜನರ ಹೆಸರನ್ನು ಪ್ರತಿಯೊಬ್ಬರೂ ಮತ್ತೆ ಹೇಳಬೇಕು. ಒಂದು ಹೆಸರು ಬಿಟ್ಟುಹೋದರೆ ಶಿಷ್ಟಾಚಾರ ಉಲ್ಲಂಘನೆ, ನಾಳೆ ಧರಣಿ. ಕಲಾವಿದರ ಹೆಸರು ಬಿಟ್ಟುಹೋದರೆ ಧರಣಿ ಇಲ್ಲ. 'ನೀವೆಲ್ಲ ಸಂಗೀತ ಕೇಳುವುದಕ್ಕೆ ಬಂದಿದ್ದೀರಿ, ನಾನು ಹೆಚ್ಚು ಮಾತಾಡುವುದಿಲ್ಲ' ಅಂತ ಶುರುವಾದ ಭಾಷಣ ಮುಗಿಯುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತವೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಸಾಹೇಬರು ಎದ್ದರು. ಅವರ ಜೊತೆ ಮುಂದಿನ ಎರಡು ಸಾಲು ಎದ್ದಿತು. ಆಗ ಸಂಘಟಕರು ಬಂದು ಪಿಸುಗುಟ್ಟುತ್ತಾರೆ: 'ಮೇಡಂ, ಸ್ವಲ್ಪ ಶಾರ್ಟ್ ಆಗಿ ಮುಗಿಸಿಬಿಡಿ. ನಮ್ಮ ಹತ್ರ ಟೈಮಿಲ್ಲ.'

ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರು ಇದ್ದ ಊರು ಇದು. ಪುಣ್ಯಾತ್ಮರು, ಬೇಗ ಹುಟ್ಟಿದರು. ಅಂಬಾರಿಗೆ ಹೂ ಹಾಕುವುದಕ್ಕೆ ಶುಭ ಲಗ್ನ ನಿಮಿಷದ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ರಾಗಕ್ಕೂ ಒಂದು ಹೊತ್ತು ಅಂತ ಇದೆ, ಅಲ್ವಾ? ಅದನ್ನು ಯಾವ ಜೋಯಿಸರೂ ನೋಡುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ನಾಗಬಹುದಿತ್ತು. 2023ರ ದಸರಾ ನೆನಪಿದೆಯಲ್ಲ? ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥರ ಹತ್ತಿರ ಕಛೇರಿ ಕೊಡುವುದಕ್ಕೆ ಕಮಿಷನ್ ಕೇಳಿದರು ಅನ್ನುವ ಆರೋಪ ಪತ್ರಿಕೆಗಳಲ್ಲಿ ಬಂತು. ಅಲಿ ಅಕ್ಬರ್ ಖಾನರ ಶಿಷ್ಯ, ಪದ್ಮಶ್ರೀ, ತೊಂಬತ್ತು ದಾಟಿದ ಮನುಷ್ಯ, ಮೈಸೂರಿನಲ್ಲೇ ಮನೆ. ಒಂದಷ್ಟು ದಿನ ಗದ್ದಲ ಆಯಿತು. ಮುಂದಿನ ಜೂನ್‌ನಲ್ಲಿ ಅವರು ತೀರಿಕೊಂಡರು. ಆಗ ಎಲ್ಲರೂ ಕಂಬನಿ ಮಿಡಿದರು. ಇದರಲ್ಲಿ ತಮಾಷೆ ಮಾಡುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ. ಅಷ್ಟು ದೊಡ್ಡವರ ವಿಷಯದಲ್ಲೇ ಇಂಥ ಮಾತು ಬಂದ ಮೇಲೆ, ಹಳ್ಳಿಯಿಂದ ಬರುವ ಒಂದು ಕಂಸಾಳೆ ತಂಡದ ಹತ್ತಿರ ಏನೇನು ಕೇಳಿರಬಹುದು? ಅವರು ಯಾವ ಪತ್ರಿಕೆಯವರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ಹೇಳಿಕೊಂಡರೆ ಮುಂದಿನ ವರ್ಷ ಕರೆಯುತ್ತಾರಾ? ನಾಚಿಕೆಗೇಡು. ಬೇರೆ ಪದ ಇಲ್ಲ.

ಮೆರವಣಿಗೆ ದಿನ ಆ ತಂಡ ಬರಿಗಾಲಲ್ಲಿ ಕಾದ ಟಾರ್ ಮೇಲೆ ಕುಣಿಯುತ್ತದೆ. ಡೊಳ್ಳಿನವರು, ವೀರಗಾಸೆಯವರು, ಪೂಜಾ ಕುಣಿತದವರು, ಎಲ್ಲರದೂ ಅದೇ ಕತೆ. ಗಣ್ಯರ ಮುಂದೆ ಒಂದೆರಡು ಸುತ್ತು ಹಾಕುವಷ್ಟರಲ್ಲಿ ವಾಕಿಟಾಕಿ ಹಿಡಿದವರು 'ನಡೀರಿ, ನಡೀರಿ, ಹಿಂದೆ ಗಾಡಿ ಬರ್ತಿದೆ' ಅಂತಾರೆ. ಹಿಂದೆ ಬರುವುದು ಸ್ತಬ್ಧಚಿತ್ರ. ಯಾವುದೋ ಇಲಾಖೆಯ ಯೋಜನೆ, ಥರ್ಮಾಕೋಲ್ ಫಲಾನುಭವಿ, ಪಕ್ಕದಲ್ಲಿ ಮಂತ್ರಿಗಳ ಆಳೆತ್ತರದ ಫೋಟೊ. ಅದನ್ನು ಎಳೆಯುವ ಟ್ರ್ಯಾಕ್ಟರ್‌ಗೆ ಬೆಳಗ್ಗೆಯೇ ಡೀಸೆಲ್ ತುಂಬಿಸಿರುತ್ತಾರೆ. ತುಂಬಿಸಲೇಬೇಕು. 'ಬಿಲ್ ಕಳಿಸಿ, ಫೈಲ್ ಮೂವ್ ಆದಮೇಲೆ ನೋಡೋಣ' ಅಂದರೆ ಟ್ರ್ಯಾಕ್ಟರ್ ಓಡುವುದಿಲ್ಲ. ಕಂಸಾಳೆಯವರು ಕುಣಿಯುತ್ತಾರೆ.