ಹೆಣ್ಣು, ಕಾಡು, ಪಹಣಿ: ವಂದನಾ ಶಿವ ಅವರ ವಾದ ಉತ್ತರ ಕನ್ನಡಕ್ಕೆ ಸಲ್ಲುತ್ತದೆಯೆ?

ಪ್ರಕೃತಿಯ ನಾಶವೂ ಹೆಣ್ಣಿನ ಶೋಷಣೆಯೂ ಒಂದೇ ಬೇರಿನಿಂದ ಹುಟ್ಟಿದವು ಎಂಬ ವಾದವನ್ನು ಭಾರತದ ಸಂದರ್ಭದಲ್ಲಿ ಗಟ್ಟಿಯಾಗಿ ಮಂಡಿಸಿದ ಪುಸ್ತಕ ಪರಿಸರ ಚಿಂತಕಿ ವಂದನಾ ಶಿವ ಅವರ ‘ಸ್ಟೇಯಿಂಗ್ ಅಲೈವ್’. ಅದು ಪ್ರಕಟವಾದದ್ದು 1988ರಲ್ಲಿ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರೊಡನೆ ಶಿವ 1993ರಲ್ಲಿ ಹೊರತಂದ ‘ಇಕೋಫೆಮಿನಿಸಂ’ (ಪರಿಸರ ಸ್ತ್ರೀವಾದ) ಅದೇ ವಾದವನ್ನು ಇನ್ನಷ್ಟು ಹರಹಿಗೆ ಒಯ್ಯಿತು. ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಕ್ಕೂ ಕೆಳಗಿನ ಕಾರವಾರ, ಅಂಕೋಲಾ, ಕುಮಟಾಕ್ಕೂ ಈ ವಾದ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಪಕ್ಷವನ್ನು ಒಂದೇ ಕೈ ಬರೆದಿರುವುದರಿಂದ ತಕ್ಕಡಿ ಎತ್ತ ವಾಲಿದೆ ಎಂಬುದು ಓದುಗರಿಗೆ ತಿಳಿಯದೆ ಇರದು. ಅದನ್ನು ಮುಚ್ಚಿಡುವ ಇರಾದೆಯೂ ಇಲ್ಲ.

ಪರ

ಶಿವ ಅವರ ಪುಸ್ತಕವನ್ನು ‘ಹೆಣ್ಣೆಂದರೆ ಪ್ರಕೃತಿ’ ಎಂಬ ಒಂದು ಸಾಲಿಗೆ ಇಳಿಸಿ ತಳ್ಳಿಹಾಕುವುದು ಸುಲಭ, ಆದರೆ ಪುಸ್ತಕದ ನಡುಗಂಬ ಇರುವುದು ಬೇರೆ ಕಡೆ. ಮಾರುಕಟ್ಟೆಗೆ ಹೋದದ್ದನ್ನಷ್ಟೇ ಉತ್ಪಾದನೆ ಎಂದು ಎಣಿಸುವ ಅಭಿವೃದ್ಧಿಯು ಮನೆ ಬಳಕೆಗೆ ತರುವ ಸೊಪ್ಪು, ಸೌದೆ, ನೀರು, ಬೀಜಗಳನ್ನು ಶೂನ್ಯವೆಂದು ಬರೆದುಕೊಳ್ಳುತ್ತದೆ. ಹಾಗೆ ಶೂನ್ಯವೆಂದು ಬರೆದದ್ದನ್ನು ಕಿತ್ತುಕೊಂಡಾಗ ಆಗುವ ನಷ್ಟವೂ ಲೆಕ್ಕದಲ್ಲಿ ಶೂನ್ಯವಾಗಿಯೇ ಉಳಿಯುತ್ತದೆ. ಆ ನಷ್ಟ ಮೊದಲು ತಟ್ಟುವುದು ಆ ಕೆಲಸ ಮಾಡುತ್ತಿದ್ದ ಹೆಂಗಸಿಗೆ.

ಕಾರವಾರದ ಕಡಲತೀರದಲ್ಲಿ ನಡೆದದ್ದನ್ನು ನೋಡಿದರೆ ಇದು ಬರೀ ಸಿದ್ಧಾಂತವಲ್ಲ ಎಂದು ತಿಳಿಯುತ್ತದೆ. ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯಲ್ಲಿ ಬಂದ ಬಂಗಡೆ, ತಾರ್ಲೆ ಮರಳಿನ ಮೇಲೆಯೇ ಪಾಲಾಗಿ ಹೆಂಗಸರ ಬುಟ್ಟಿ ಸೇರುತ್ತಿತ್ತು. ಹಸಿ ಮೀನನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರುವುದು, ಉಳಿದದ್ದಕ್ಕೆ ಉಪ್ಪು ಬೆರೆಸಿ ಒಣಗಿಸಿ ಮಳೆಗಾಲಕ್ಕೆ ಇಡುವುದು ಅವರ ಕೈಯಲ್ಲಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುವರಿದು ಹಿಡಿಯತೊಡಗಿದರು. ಮೀನು ಬಂದರಿನಲ್ಲಿ ಹರಾಜಾಗಿ, ಮಂಜುಗಡ್ಡೆ ತುಂಬಿದ ಲಾರಿ ಏರಿ ಹೊರಟಿತು. ಹಿಂದೆ ಮರಳಿನ ಮೇಲೆ ಪಾಲು ಪಡೆಯುತ್ತಿದ್ದವಳು ಈಗ ಬಂಡವಾಳವಿದ್ದವರ ಎದುರು ನಿಂತು ಹರಾಜು ಕೂಗಬೇಕಾಯಿತು.

ಕಾಡಿನ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ‘ಸ್ಟೇಯಿಂಗ್ ಅಲೈವ್’ ಬರೆಯುವ ಮೊದಲೇ ಶಿವ ಅವರಿಗೆ ಕರ್ನಾಟಕದ ನೆಲದ ಪರಿಚಯವಿತ್ತು: ಕೋಲಾರದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿಯ ಹೊಲಗಳು ನೀಲಗಿರಿ ತೋಪುಗಳಾಗುತ್ತಿದ್ದುದನ್ನು ಅವರೂ ಸಂಗಡಿಗರೂ 1981ರಲ್ಲಿ ಅಧ್ಯಯನ ಮಾಡಿದ್ದರು. ಅದಾಗಿ ಎರಡು ವರ್ಷಕ್ಕೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಳಸೆಯ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ನೈಸರ್ಗಿಕ ಕಾಡನ್ನು ಬೋಳಿಸಿ ಸಾಗವಾನಿ ನೆಡುವ ಅರಣ್ಯ ನೀತಿ ಅವರ ಕಣ್ಣೆದುರಿಗಿತ್ತು. ಸಾಗವಾನಿಯ ನೆಡುತೋಪಿನಲ್ಲಿ ಉಪ್ಪಾಗೆ ಸಿಗುವುದಿಲ್ಲ, ಮುರುಗಲು ಸಿಗುವುದಿಲ್ಲ, ಸಾರಿಗೆ ಹಾಕುವ ವಾಟೆಹುಳಿಯೂ ಸಿಗುವುದಿಲ್ಲ. ಸರಕಾರದ ಲೆಕ್ಕದಲ್ಲಿ ಅದೂ ಕಾಡೇ. ಅಡುಗೆಮನೆಯ ಲೆಕ್ಕದಲ್ಲಿ ಅಲ್ಲ.

ಇದಕ್ಕೆ ಅಂಟಿಕೊಂಡೇ ತಿಳಿವಳಿಕೆಯ ಪ್ರಶ್ನೆ ಬರುತ್ತದೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಿದ್ದ, ಅಂಕೋಲಾದ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕು, ಆದ ಸಸಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಅವರು ಬಲ್ಲಷ್ಟು ಖಚಿತವಾಗಿ ಬಲ್ಲವರು ಅರಣ್ಯ ಇಲಾಖೆಯಲ್ಲೂ ವಿರಳವಾಗಿದ್ದರು. ಮಲೆನಾಡಿನ ಹಿತ್ತಿಲಿನಲ್ಲಿ ಮೊಗೆಕಾಯಿಯ ಬೀಜವನ್ನು ಸಗಣಿಯೊಡನೆ ಗೋಡೆಗೆ ಮೆತ್ತಿ ಮುಂದಿನ ಮಳೆಗಾಲದವರೆಗೆ ಕಾಯುವ ಅಜ್ಜಿಯೂ ಇದೇ ಸಾಲಿಗೆ ಸೇರುತ್ತಾಳೆ. ಇಂಥದ್ದನ್ನು ನಂಬಿಕೆ, ರೂಢಿ ಎಂದು ಬದಿಗೆ ಸರಿಸದೆ ವಿಜ್ಞಾನದ ಸಮಕ್ಕೆ ನಿಲ್ಲಬಲ್ಲ ಅರಿವೆಂದು ವಾದಿಸಿದ್ದು ಶಿವ ಅವರ ದೊಡ್ಡ ಕೊಡುಗೆ. ಇನ್ನು ಗಂಡಸರೂ ಹೆಂಗಸರೂ ಒಂದೇ ಕಾಡನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತಾರೆಯೆ ಎಂದು ಸಂಶಯ ಪಡುವವರು ಹಿಮಾಲಯದಲ್ಲಿ ಮರ ಅಪ್ಪಿ ಕಾಡು ಉಳಿಸಲು ನಡೆದ ಚಿಪ್ಕೋ ಚಳವಳಿಯ ಕಾಲದ ಡುಂಗ್ರಿ ಪೈಂತೋಲಿಯ ಪ್ರಸಂಗವನ್ನು ಓದಬೇಕು. ಉತ್ತರಾಖಂಡದ ಆ ಊರಿನಲ್ಲಿ ರಸ್ತೆ, ಶಾಲೆಗಳ ಆಸೆಗೆ ಓಕ್ ಕಾಡನ್ನು ಬಿಟ್ಟುಕೊಡಲು ಒಪ್ಪಿದ್ದು ಗಂಡಸರ ಪಂಚಾಯಿತಿ, ಅಡ್ಡ ನಿಂತದ್ದು ಅವರದೇ ಮನೆಯ ಹೆಂಗಸರು.

ವಿರೋಧ

ಮೇಲಿನ ಉದಾಹರಣೆಗಳಲ್ಲಿ ಸುಳ್ಳೇನೂ ಇಲ್ಲ. ತಕರಾರಿರುವುದು ಅವುಗಳಿಂದ ಎಳೆದ ತೀರ್ಮಾನದ ಬಗ್ಗೆ. ಹೆಂಗಸರು ಕಾಡಿನ ಕೆಲಸ ಮಾಡುತ್ತಾರೆ, ಆದ್ದರಿಂದ ಕಾಡನ್ನು ಬಲ್ಲರು ಎನ್ನುವುದು ಒಂದು ಮಾತು. ಸ್ತ್ರೀತತ್ತ್ವವೇ ಪ್ರಕೃತಿ, ಆದ್ದರಿಂದ ಹೆಂಗಸರು ಅದರ ಸಹಜ ಕಾವಲುಗಾರರು ಎನ್ನುವುದು ಬೇರೆಯೇ ಮಾತು. ಶಿವ ಅವರು ಮೊದಲನೆಯದನ್ನು ಸಾಬೀತುಪಡಿಸುತ್ತ ಹೋಗಿ, ಓದುಗರ ಗಮನಕ್ಕೆ ಬರುವ ಮೊದಲೇ ಎರಡನೆಯದಕ್ಕೆ ದಾಟಿಬಿಡುತ್ತಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1992ರ ತಮ್ಮ ಲೇಖನದಲ್ಲಿ ಈ ದಾಟನ್ನೇ ಹಿಡಿದು ಪ್ರಶ್ನಿಸಿದರು. ವರ್ಗ, ಜಾತಿ, ಪ್ರದೇಶಗಳ ಭೇದವಿಲ್ಲದೆ ‘ಹೆಣ್ಣು’ ಎಂಬ ಒಂದೇ ಗುಂಪು ಇಲ್ಲ. ಪ್ರಕೃತಿಯೊಡನೆ ಯಾರಿಗೆ ಎಂಥ ಸಂಬಂಧ ಎಂಬುದನ್ನು ನಿರ್ಧರಿಸುವುದು ದುಡಿಮೆಯ ಹಂಚಿಕೆ ಮತ್ತು ಆಸ್ತಿಯ ಹಂಚಿಕೆ ಎಂಬುದು ಅವರ ವಾದದ ತಿರುಳು.

ಇದನ್ನು ಒರೆಗೆ ಹಚ್ಚಲು ಶಿರಸಿಯ ಸೊಪ್ಪಿನ ಬೆಟ್ಟಕ್ಕಿಂತ (ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರಲು ಬಿಟ್ಟುಕೊಟ್ಟ ಕಾಡು) ಒಳ್ಳೆಯ ಜಾಗ ಸಿಗಲಾರದು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಆ ಬೆಟ್ಟಕ್ಕೆ ಬೇಸಿಗೆಯಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸಿ, ಕಲ್ಲಿ ಎಂಬ ಬಲೆಚೀಲಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಇಳಿಸಲು ಬರುವವಳು ಕೂಲಿಯ ಹೆಂಗಸು. ಹೊರೆ ಇಳಿಯುವುದು ಒಡೆಯರ ಕೊಟ್ಟಿಗೆಯಲ್ಲಿ, ಅಲ್ಲಿ ಅದು ದನಗಳ ಕಾಲಡಿ ಹಾಸಾಗಿ, ಗೊಬ್ಬರಗುಂಡಿ ಸೇರಿ, ಕಡೆಗೆ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಆ ಕೊಟ್ಟಿಗೆಯ ಸಗಣಿ ಬಾಚುವವಳು ಒಡೆಯರ ಮನೆಯ ಹೆಂಗಸು. ಒಂದೇ ಬೆಟ್ಟ, ಒಂದೇ ದರಕು, ಇಬ್ಬರು ಹೆಂಗಸರು. ಬೆಟ್ಟ ಬೋಳಾದರೆ ಒಬ್ಬಳ ಮನೆಯ ತೋಟ ಸೊರಗುತ್ತದೆ, ಇನ್ನೊಬ್ಬಳ ಆ ವಾರದ ಕೂಲಿ ಹೋಗುತ್ತದೆ. ಇಬ್ಬರನ್ನೂ ‘ಪ್ರಕೃತಿಯ ಮಡಿಲಿನ ಸ್ತ್ರೀ’ ಎಂದು ಒಟ್ಟಿಗೆ ಕೂರಿಸಿದರೆ ಯಾರ ಬೆಟ್ಟ, ಯಾರ ಹೊರೆ ಎಂದು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ.

ವಸಾಹತುಶಾಹಿ ಬಂದು ಸಾಮುದಾಯಿಕ ಬದುಕನ್ನು ಕೆಡಿಸಿತೆಂಬ ಶಿವ ಅವರ ಚರಿತ್ರೆಯೂ ಇಲ್ಲಿ ಅಷ್ಟು ನೇರವಾಗಿ ಕೂರುವುದಿಲ್ಲ. ಅದೇ ಬ್ರಿಟಿಷ್ ಅರಣ್ಯ ಆಡಳಿತ ತೋಟದವರಿಗೆ ಬೆಟ್ಟ ಕೊಟ್ಟಿತು, ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯ ಮಾಡುತ್ತಿದ್ದವರನ್ನು ಕಾಡಿನಿಂದ ಹೊರದೂಡಿತು. ಎರಡು ಮನೆಯ ಹೆಂಗಸರಿಗೂ ಒಂದೇ ಆಡಳಿತ ಎರಡು ಬೇರೆ ಚರಿತ್ರೆ ಬರೆಯಿತು ಎಂದಾಯಿತು. ಅಪ್ಪಿಕೋವನ್ನು ಹೆಂಗಸರ ಚಳವಳಿಯೆಂದು ಬಿಂಬಿಸುವವರು ಅದರಲ್ಲಿ ಮುಂದಾಳುಗಳಾಗಿದ್ದ ಯುವಕ ಮಂಡಳಿಗಳನ್ನೂ, ತೋಟಕ್ಕೆ ಸೊಪ್ಪು ಬೇಕಿದ್ದ ಅಡಿಕೆ ಬೆಳೆಗಾರರನ್ನೂ ಮರೆಯುತ್ತಾರೆ. ‘ಉಳಿಸು, ಬೆಳೆಸು, ಬಳಸು’ ಎಂಬ ಅದರ ಘೋಷಣೆಯ ಮೂರನೆಯ ಪದ ಬಹಳ ಪ್ರಾಮಾಣಿಕವಾದದ್ದು.

ಶಿವ ಅವರು ಆಧಾರವಾಗಿ ಹಿಡಿದ ಪ್ರಕೃತಿ, ಶಕ್ತಿಯ ಪರಿಕಲ್ಪನೆಗಳು ಹಿಂದೂ ದರ್ಶನದವು. ಯಲ್ಲಾಪುರ, ಹಳಿಯಾಳದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರೂ ಸೌದೆ ತರುವುದು ಅದೇ ಕಾಡಿನಿಂದ. ಅಲ್ಲದೆ, ಗ್ಯಾಸ್ ಒಲೆ ಬಂದ ಮನೆಯಲ್ಲಿ ಸೌದೆಗೆ ಹೋಗುವುದು ತಪ್ಪಿತೆಂದು ಹೆಂಗಸರು ಪ್ರಕೃತಿಯಿಂದ ಬೇರ್ಪಟ್ಟ ದುಃಖ ಪಟ್ಟದ್ದನ್ನು ಯಾರೂ ಕಂಡಿಲ್ಲ. ಅದು ನಂಟಾಗಿದ್ದರೆ ಅಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ. ಅದು ದುಡಿಮೆ, ಹಗುರಾದರೆ ಒಳ್ಳೆಯದೇ.

ತುಳಸಿ ಗೌಡರ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ಪರ ವಹಿಸುವವರೆಲ್ಲ ಅವರಲ್ಲಿಗೇ ಬರುತ್ತಾರೆ. ಇಲಾಖೆಯ ನರ್ಸರಿಯಲ್ಲಿ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದದ್ದು ದಿನಗೂಲಿಯಾಗಿ, ಕಾಯಂ ಆದದ್ದು ಬಹಳ ತಡವಾಗಿ. 2021ರಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ದೇಶವೆಲ್ಲ ಹಂಚಿಕೊಂಡಿತು. ಕಾಡಿನ ತಾಯಿ ಎಂಬ ಹೊಗಳಿಕೆ ಇಷ್ಟು ಧಾರಾಳವಾಗಿರುವಲ್ಲಿ, ಆ ತಿಳಿವಳಿಕೆಗೆ ತಜ್ಞರ ಸಂಬಳ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಕೇಳುವವರು ಕಡಿಮೆ. ಸಹಜ ಗುಣಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಪರಿಸರ ಸ್ತ್ರೀವಾದದ ಭಾಷೆ ತನಗೆ ಅರಿವಿಲ್ಲದೆಯೇ ಇಂಥ ಉಚಿತ ದುಡಿಮೆಗೆ ಗೌರವದ ಶಾಲು ಹೊದಿಸಿಬಿಡುತ್ತದೆ.

ಆದ್ದರಿಂದ ‘ಸ್ಟೇಯಿಂಗ್ ಅಲೈವ್’ ಓದಿದವರು ಅಗರ್‌ವಾಲ್ ಅವರ 1994ರ ‘ಎ ಫೀಲ್ಡ್ ಆಫ್ ಒನ್ಸ್ ಓನ್’ ಅನ್ನೂ ಓದಬೇಕು, ಅದರಲ್ಲಿ ಎತ್ತಿರುವುದು ಹೆಣ್ಣಿನ ಹೆಸರಿನಲ್ಲಿ ನೆಲವಿಲ್ಲದ ಪ್ರಶ್ನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಿಂದಲೇ ಇದೆ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಆದರೂ ತೋಟದ ಪಾಲಿನ ಹೊತ್ತಿಗೆ ತಂಗಿ ಹಕ್ಕುಬಿಡುಗಡೆಗೆ ಸಹಿ ಹಾಕಿಕೊಡುವುದು ನಮ್ಮಲ್ಲಿ ಇನ್ನೂ ಮರ್ಯಾದೆಯ ಲಕ್ಷಣ. ಬೆಳೆಸಾಲ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬೆಟ್ಟದ ಸವಲತ್ತೂ ತೋಟದ ಬೆನ್ನಿಗೇ ಬರುವಂಥದ್ದು.

2006ರ ಅರಣ್ಯ ಹಕ್ಕು ಕಾಯ್ದೆ ಸ್ತ್ರೀತತ್ತ್ವದ ಮಾತೆತ್ತುವುದಿಲ್ಲ. ದಂಪತಿಯಾದರೆ ಹಕ್ಕುಪತ್ರ ಇಬ್ಬರ ಹೆಸರಿನಲ್ಲೂ ಇರಬೇಕು, ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕು ಎಂದಷ್ಟೇ ವಿಧಿಸುತ್ತದೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಹಾಲಕ್ಕಿಗಳಂಥವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ಅವಲಂಬನೆಯನ್ನು ತೋರಿಸಬೇಕು. ಜಿಲ್ಲೆಯ ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪುರಾವೆಗೆಂದು ಹುಡುಕಿ ತೆಗೆಯುವ ಹಳೆಯ ರಸೀದಿಗಳಲ್ಲಿ ಇರುವುದು ಸಾಮಾನ್ಯವಾಗಿ ಗಂಡಸರ ಹೆಸರು. ಆದರೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಪುರಾವೆಯೆಂದು ಕಾಯ್ದೆಯ ನಿಯಮಗಳು ಒಪ್ಪುತ್ತವೆ. ಕೇರಿಯವರು ಯಾವ ದಾರಿ ಹಿಡಿದು ಯಾವ ಉಪ್ಪಾಗೆ ಮರಕ್ಕೆ ಹೋಗುತ್ತಿದ್ದರು, ಯಾರ ಗುಡಿಸಲು ಎಲ್ಲಿತ್ತು ಎಂಬುದನ್ನು ಬಲ್ಲ ಮುದುಕಿಯರು ಹೊನ್ನಳ್ಳಿಯ ಸುತ್ತಮುತ್ತ ಇನ್ನೂ ಇದ್ದಾರೆ. ಶಿವ ಅವರು ಎತ್ತಿಹಿಡಿದ ಅರಿವು ಹಕ್ಕಾಗಿ ಬದಲಾಗುವುದಿದ್ದರೆ ಆ ಮುದುಕಿಯರ ಹೇಳಿಕೆ ಗ್ರಾಮಸಭೆಯ ಕಡತಕ್ಕೆ ಹೋಗಬೇಕು.